ಕುಡಿದವರು ಯಾರು? ಬೆಳಗಾವಿಯ ನಾಲ್ಕು ತಾಲ್ಲೂಕುಗಳ ತುರ್ತು ಚಿಕಿತ್ಸೆಯಲ್ಲಿ ಮದ್ಯ ಮತ್ತು ಸ್ವಹಾನಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರೆ ಹೊಲಗಳಲ್ಲಿ ಹತ್ತಿ, ಕಡಲೆ, ಜೋಳ ಬೆಳೆಯುತ್ತವೆ. ಬೆಳೆಗೆ ಹೊಡೆಯುವ ಔಷಧ ಮನೆಯೊಳಗೇ ಇರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಗ್ಗದ ವಿಸ್ಕಿಯ ಪೊಟ್ಟಣ ಅದರ ಜಾಗಕ್ಕೆ ಬಂತು. ಬೆಳೆಯ ಔಷಧ, ಮದ್ಯ ಎರಡೂ ಒಂದೇ ಸೂರಿನಡಿ ಇರುವಲ್ಲಿ ಸ್ವಹಾನಿಯ ಪ್ರಕರಣ ತುರ್ತು ಘಟಕಕ್ಕೆ ಬಂದಾಗ, ಕುಡಿತದ ಬಗ್ಗೆ ಏನನ್ನು ಕೇಳಲಾಗುತ್ತದೆ, ಏನನ್ನು ಬರೆಯಲಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ದಾಖಲಿಸಿತು. ಮಾದಕ ವಸ್ತು ಮತ್ತು ಮದ್ಯವ್ಯಸನ ಕಾರಣವೆಂದು ಬರೆದದ್ದು ಶೇ 6.8, ಕೌಟುಂಬಿಕ ಸಮಸ್ಯೆ ಎಂದು ಬರೆದದ್ದು ಶೇ 31.7. ಒಂದು ಸಾವಿಗೆ ಒಂದೇ ಕಾರಣ ಎಂಬ ಈ ಲೆಕ್ಕವನ್ನು ನಾನು ನಂಬುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮನೆಯವರು ಹೇಳುವುದು 'ಮನ್ಯಾಗ ಜಗಳ ಆತ್ರಿ' ಎಂದಷ್ಟೆ. ಜಗಳ ಯಾಕಾಯಿತು ಎಂದು ಮುಂದೆ ಕೇಳಿದರೆ ಎಷ್ಟೋ ಸಲ ಕುಡಿತದ ಮಾತು ಬರುತ್ತದೆ. ಆದರೆ ಕುಡಿದವನು ಗಂಡ, ಹಾಸಿಗೆಯ ಮೇಲಿರುವವಳು ಹೆಂಡತಿ. ಅವಳ ಉಸಿರಿನಲ್ಲಿ ವಾಸನೆಯಿಲ್ಲ. ಹಾಗಾಗಿ ಕೇಸ್ ಶೀಟಿನಲ್ಲಿ ಮದ್ಯವೂ ಇಲ್ಲ. ಶ್ರೀಲಂಕಾದ ಗ್ರಾಮಾಂತರದ ಅಧ್ಯಯನಗಳು ಇತರರ ಕುಡಿತದಿಂದಾಗುವ ಇಂಥ ಸ್ವಹಾನಿಯನ್ನು ಬೇರೆಯಾಗಿಯೇ ಗುರುತಿಸಿವೆ. ನಮ್ಮ ಫಾರಂಗಳಲ್ಲಿ ಅದಕ್ಕೊಂದು ಸಾಲು ಬೇಕು.

ಸ್ವತಃ ಕುಡಿದು ಬಂದವನಲ್ಲಿ ತೊಡಕು ಬೇರೆ. ಆರ್ಗನೋಫಾಸ್ಫರಸ್ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಕೊಡುತ್ತಾರೆ. ಎರಡು-ಮೂರನೇ ದಿನ ರೋಗಿ ಬಡಬಡಿಸತೊಡಗುತ್ತಾನೆ, ನಾಡಿ ಓಡುತ್ತದೆ. ಅಟ್ರೋಪಿನ್ ಹೆಚ್ಚಾಯಿತೆ, ಅಥವಾ ನಿತ್ಯ ಕುಡಿಯುವವನಿಗೆ ಕುಡಿತ ತಪ್ಪಿ ಸನ್ನಿ ಹಿಡಿಯಿತೆ? ಅಟ್ರೋಪಿನ್ ಹೆಚ್ಚಾದರೆ ಮೈ, ಬಾಯಿ ಒಣಗುತ್ತವೆ. ಮದ್ಯ ತಪ್ಪಿದವನು ಬೆವರುತ್ತಾನೆ, ಕೈ ನಡುಗುತ್ತದೆ. ವಿಷವೇ ಮರುಕಳಿಸಿದರೂ ಬೆವರು ಬರುತ್ತದೆ. ಆಗ ಪಾಪೆ ಕಿರಿದಾಗಿರುತ್ತದೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮೊದಲ ರಾತ್ರಿ 'ದಿನಾ ಕುಡೀತಾನೇನು, ಕಡೆಯ ಸಲ ಯಾವಾಗ?' ಎಂದು ಕೇಳಿ ಬರೆದಿಟ್ಟಿದ್ದರೆ ಮೂರನೇ ದಿನದ ವೈದ್ಯರ ಕೆಲಸ ಎಷ್ಟೋ ಸಲೀಸು.

ಆ ಬರಹ ರೋಗಿಯೊಡನೆ ಪ್ರಯಾಣ ಮಾಡಬೇಕು. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿ.ಮೀ.; ಸವದತ್ತಿ, ಕಿತ್ತೂರಿನವರಿಗೆ ಧಾರವಾಡ-ಹುಬ್ಬಳ್ಳಿಯೇ ಹತ್ತಿರ. ರೆಫರ್ ಚೀಟಿಯಲ್ಲಿ ವಿಷದ ಹೆಸರಿರುತ್ತದೆ, ಕುಡಿತದ ಚರಿತ್ರೆ ಬಿಟ್ಟುಹೋಗುತ್ತದೆ. ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದೊಡನೆ ಮನೆಯವರು ಬಾಯಿ ಬಿಗಿಹಿಡಿಯುವುದೂ ಇದಕ್ಕೆ ಕಾರಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲ. ಈ ಮಾತನ್ನು ಪ್ರಶ್ನೆಗೆ ಮೊದಲೇ ಹೇಳಿದರೆ ಉತ್ತರ ಸಿಗುವ ಸಂಭವ ಹೆಚ್ಚು.

ಬಿಡುಗಡೆಯ ನಂತರ? ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ದೂರದ ಐ.ಸಿ.ಯು.ನಿಂದ ನೇರ ಊರಿಗೆ ಮರಳಿದವರು ಆ ಮಂಗಳವಾರಕ್ಕೆ ಸಿಗುವುದು ಕಷ್ಟ. ಚೆನ್ನೈ, ಕೊಲಂಬೊ ಸೇರಿ ಐದು ಕಡೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ ಒಂದು ಗಂಟೆಯ ಮಾತುಕತೆ, 18 ತಿಂಗಳಲ್ಲಿ ಒಂಬತ್ತು ಸಂಪರ್ಕ, ಇಷ್ಟರಿಂದಲೇ ಆತ್ಮಹತ್ಯೆಯ ಸಾವು ಶೇ 2.2ರ ಬದಲು ಶೇ 0.2ಕ್ಕೆ ಇಳಿದಿತ್ತು. ಡಿಸ್ಚಾರ್ಜ್ ಚೀಟಿಯ ಮೇಲೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ಮುಂದಿನ ಮಂಗಳವಾರದ ತಾರೀಖು ಬರೆದು, ಹೆಂಡತಿಯ ಜೊತೆ ಗಂಡನನ್ನೂ ಅಂದು ಕರೆಯಬೇಕು.