ಪರಹೃದಯವೂ ಧಮನಿರೋಗವೂ

ಅಂಗಕಸಿಯ ಚರಿತ್ರೆಯನ್ನು ಬರೆಯುವವರು ಶಸ್ತ್ರವೈದ್ಯರ ಹಸ್ತಕೌಶಲವನ್ನೇ ವಿಶೇಷವಾಗಿ ವರ್ಣಿಸುವುದುಂಟು. ಕಸಿಯಾದ ಅಂಗದ ಆಯುಸ್ಸು ಬಹುಮಟ್ಟಿಗೆ ರಕ್ತನಾಳಗಳ ಸ್ಥಿತಿಯನ್ನು ಅವಲಂಬಿಸಿರುತ್ತದೆಂಬ ಅಂಶವು ಇದರಿಂದ ಮರೆಯಾಗುತ್ತದೆ. ಹೃದಯದ ಮಟ್ಟಿಗೆ ಈ ಅಂಶವು ಹೇಗೆ ಬೆಳಕಿಗೆ ಬಂದಿತೆಂಬುದು ವಿಚಾರಾರ್ಹವಾಗಿದೆ.

1967ನೆಯ ಇಸವಿ ಡಿಸೆಂಬರ್ 3ನೆಯ ತಾರೀಖು ದಕ್ಷಿಣ ಆಫ್ರಿಕದ ಕೇಪ್ ಟೌನ್ ನಗರದ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಡಾ|| ಕ್ರಿಸ್ಟಿಯಾನ್ ಬರ್ನಾರ್ಡರು ಲೂಯಿ ವಾಶ್ಕಾನ್ಸ್ಕಿ ಎಂಬಾತನಿಗೆ ಪರಹೃದಯವನ್ನು ಜೋಡಿಸಿದರು. ಆತನು 18 ದಿನಗಳಲ್ಲಿ ಶ್ವಾಸಕೋಶದ ಸೋಂಕಿನಿಂದ ಮೃತನಾದನು. 1968ರ ಜನವರಿ 2ರಂದು ಅವರೇ 58 ವರ್ಷ ವಯಸ್ಸಿನ ದಂತವೈದ್ಯ ಫಿಲಿಪ್ ಬ್ಲೈಬರ್ಗನಿಗೆ 24 ವರ್ಷದ ತರುಣನೊಬ್ಬನ ಹೃದಯವನ್ನು ಇಟ್ಟರು. ದಾತನು ಅಲ್ಲಿನ ಸರ್ಕಾರವು ‘ಮಿಶ್ರವರ್ಣೀಯ’ರೆಂದು ಬೇರ್ಪಡಿಸಿದ್ದ ಜನರಲ್ಲಿ ಒಬ್ಬನು, ಪಡೆದಾತನು ಬಿಳಿಯನು. ಕಾನೂನು ಬೇರೆಯಾಗಿಟ್ಟಿದ್ದ ಎರಡು ಜನರ ನಡುವೆ ಹೃದಯವು ಹೀಗೆ ದಾಟಿತು. ಬ್ಲೈಬರ್ಗನು ಮನೆಗೆ ಮರಳಿ, 1969ರ ಆಗಸ್ಟ್ 17ರವರೆಗೆ, ಎಂದರೆ 19 ತಿಂಗಳಿಗೂ ಮೇಲಾಗಿ ಬದುಕಿದನು.

ಮರಣಾನಂತರ ಪರೀಕ್ಷಿಸಲಾಗಿ, ಆ ಹೃದಯವನ್ನು ಪೋಷಿಸುವ ಧಮನಿಗಳು ದಪ್ಪಗಟ್ಟಿ ಕಿರಿದಾಗಿದ್ದುದು ಕಂಡುಬಂದಿತು. ಸಾಮಾನ್ಯರಲ್ಲಿ ದಶಕಗಳು ಹಿಡಿಯುವ ವ್ಯಾಧಿಯು ತರುಣನ ಹೃದಯವನ್ನು ಎರಡು ವರ್ಷಗಳೊಳಗೆ ಮುದಿಯಾಗಿಸಿತ್ತು. ಪಡೆದಾತನ ದೇಹದ ರಕ್ಷಣಾಶಕ್ತಿಯು ಪರಧಮನಿಯ ಒಳಪದರವನ್ನು ಸತತವಾಗಿ ಕೆಣಕುವುದೂ, ಆ ಪದರವು ಬೆಳೆದು ರಕ್ತದ ದಾರಿಯನ್ನು ಕಟ್ಟುವುದೂ ಇದಕ್ಕೆ ಮುಖ್ಯ ಕಾರಣವೆಂದು ಮುಂದೆ ತಿಳಿದುಬಂದಿತು. ಕಸಿಯ ವೇಳೆ ನರಗಳು ಕಡಿದುಹೋಗುವುದರಿಂದ ಅನೇಕರಿಗೆ ಎದೆನೋವೆಂಬ ಮುನ್ಸೂಚನೆಯೂ ದೊರೆಯದು.

1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೈಕ್ಲೋಸ್ಪೋರಿನ್ ಎಂಬ ಔಷಧವು ದೇಹದ ತೀವ್ರ ನಿರಾಕರಣೆಯನ್ನು ತಗ್ಗಿಸಿತು. ಆದರೆ ಅದು ಮೂತ್ರಪಿಂಡದ ಕಿರುಧಮನಿಗಳನ್ನು ಸಂಕೋಚಗೊಳಿಸಿ, ಉಪ್ಪನ್ನು ದೇಹದಲ್ಲಿ ನಿಲ್ಲಿಸಿ, ರಕ್ತದ ಒತ್ತಡವನ್ನು ಏರಿಸುತ್ತದೆ. ಆದಕಾರಣ ಹೃದಯವನ್ನು ಪಡೆದ ಬಹುಮಂದಿಗೆ ಒತ್ತಡವನ್ನು ಇಳಿಸುವ ಔಷಧವೂ ನಿತ್ಯವಿಧಿಯಾಯಿತು. ಒಂದು ಅಪಾಯದಿಂದ ಪಾರುಮಾಡಿದ ಮದ್ದೇ ಮತ್ತೊಂದಕ್ಕೆ ಎಡೆಗೊಟ್ಟಿತು.

ಧಮನಿರೋಗಕ್ಕೆ ಸ್ವಲ್ಪಮಟ್ಟಿನ ತಡೆಯು 1995ರಲ್ಲಿ ತೋರಿಬಂದಿತು. ಲಾಸ್ ಏಂಜಲೀಸಿನ ವೈದ್ಯರು ರಕ್ತದ ಕೊಲೆಸ್ಟರಾಲನ್ನು ಇಳಿಸುವ ಪ್ರವಾಸ್ಟಾಟಿನ್ ಔಷಧವನ್ನು ಕಸಿಯಾದವರಲ್ಲಿ ಪರೀಕ್ಷಿಸಿದರು. ವರ್ಷಾಂತ್ಯಕ್ಕೆ ಅದನ್ನು ಪಡೆದವರಲ್ಲಿ ನೂರಕ್ಕೆ 94 ಮಂದಿಯೂ, ಪಡೆಯದವರಲ್ಲಿ 78 ಮಂದಿಯೂ ಉಳಿದಿದ್ದರು. ಧಮನಿಗಳ ಕೇಡೂ ಕಡಮೆಯಾಗಿತ್ತು. ರೋಗವು ಇಂದಿಗೂ ನಿರ್ಮೂಲವಾಗಿಲ್ಲ. ಬರ್ನಾರ್ಡರ ಕೈಚಳಕವು ಕೆಲವು ಗಂಟೆಗಳಲ್ಲಿ ಸಾಧಿಸಿದುದನ್ನು ಕಾಪಾಡಿಕೊಳ್ಳುವ ಕಾರ್ಯವು ರೋಗಿಯ ಜೀವಮಾನವೆಲ್ಲ ನಡೆಯತಕ್ಕುದೆಂಬುದೇ ಬ್ಲೈಬರ್ಗನ ಹೃದಯವು ಉಳಿಸಿಹೋದ ಪಾಠವಾಗಿದೆ.