ಇಗ್ನಿಷನ್ ಬೀಗ

ಇಗ್ನಿಷನ್ ಬೀಗವು ಮೋಟಾರು ವಾಹನದ ಎಂಜಿನ್ನನ್ನು ಚಾಲನೆಗೊಳಿಸಲು ಹಾಗೂ ನಿಲ್ಲಿಸಲು, ವಾಹನ ನಿಂತಿರುವಾಗ ಸ್ಟೀರಿಂಗ್ ಚಕ್ರವನ್ನು ಭದ್ರಪಡಿಸಲು ಬಳಸುವ ಬೀಗ. ಬಹುತೇಕ ಕಾರುಗಳಲ್ಲಿ ಇದು ಸ್ಟೀರಿಂಗ್ ಕಂಬದ ಪಕ್ಕದಲ್ಲಿರುತ್ತದೆ. ಕೀ ಒಳಗೆ ಹೋಗಿಯೂ ತಿರುಗದಿರುವುದು, ಅಥವಾ ತಿರುಗಿದ ಮೇಲೆ ಹೊರಗೆ ಬಾರದಿರುವುದು ಈ ಬೀಗದಲ್ಲಿ ಕಂಡುಬರುವ ಅತ್ಯಂತ ಸಾಮಾನ್ಯ ತೊಂದರೆ. ಇದರ ಕಾರಣಗಳಲ್ಲಿ ಹಲವು ಕ್ಷುಲ್ಲಕವಾದವು. ಚಾಲಕನೇ ಒಂದೆರಡು ನಿಮಿಷಗಳಲ್ಲಿ ಸರಿಪಡಿಸಿಕೊಳ್ಳಬಹುದಾದವು. ಆದರೆ ಕಾರಣವನ್ನು ತಿಳಿಯದೆ ಬಲಪ್ರಯೋಗ ಮಾಡಿದರೆ ಕೀ ಮುರಿದು ಒಳಗೇ ಉಳಿಯುತ್ತದೆ. ಸಣ್ಣ ದುರಸ್ತಿಯು ದೊಡ್ಡ ಖರ್ಚಾಗಿ ಪರಿಣಮಿಸುತ್ತದೆ.

ಇತಿಹಾಸ

ಆರಂಭಕಾಲದ ಕಾರುಗಳ ಎಂಜಿನ್ನನ್ನು ಮುಂಭಾಗದ ಹಿಡಿಕೆಯನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು 1912ರ ಕ್ಯಾಡಿಲಾಕ್ ಕಾರಿನಲ್ಲಿ ಅಳವಡಿಸಿದ ಮೇಲೆ ಈ ಶ್ರಮ ತಪ್ಪಿತು. ಆದರೂ ದೀರ್ಘಕಾಲದವರೆಗೆ ಕೀ ಹಾಗೂ ಸ್ಟಾರ್ಟರ್ ಗುಂಡಿ ಬೇರೆಬೇರೆಯಾಗಿಯೇ ಇದ್ದವು. ಕೀಯನ್ನು ತಿರುಗಿಸಿದರೆ ಎಂಜಿನ್ ಚಾಲೂ ಆಗುವ ಇಂದಿನ ಕ್ರಮವನ್ನು ಅಮೆರಿಕದ ಕ್ರೈಸ್ಲರ್ ಸಂಸ್ಥೆ 1949ರಲ್ಲಿ ತಂದಿತು. ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ 1969ರ ಮಾದರಿಗಳಲ್ಲಿ ಬೀಗವನ್ನು ಡ್ಯಾಶ್‌ಬೋರ್ಡಿನಿಂದ ಸ್ಟೀರಿಂಗ್ ಕಂಬಕ್ಕೆ ಸ್ಥಳಾಂತರಿಸಿ, ಸ್ಟೀರಿಂಗನ್ನೂ ಅದರಿಂದಲೇ ಬಂಧಿಸುವ ವ್ಯವಸ್ಥೆ ಮಾಡಿತು. ಸ್ವೀಡನ್ನಿನ ಸಾಬ್ ಕಾರುಗಳದು ಬೇರೆಯೇ ದಾರಿ. ಸಾಬ್ 99 ಮತ್ತು 900 ಮಾದರಿಗಳಲ್ಲಿ ಬೀಗವು ಮುಂದಿನ ಎರಡು ಆಸನಗಳ ನಡುವೆ ಇತ್ತು; ಅದು ಸ್ಟೀರಿಂಗಿಗೆ ಬದಲಾಗಿ ಗೇರನ್ನು ರಿವರ್ಸ್ ಸ್ಥಾನದಲ್ಲಿ ಬಂಧಿಸುತ್ತಿತ್ತು.

ರಚನೆ ಮತ್ತು ಕಾರ್ಯವಿಧಾನ

ನಾವು 'ಇಗ್ನಿಷನ್' ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ವಾಸ್ತವವಾಗಿ ಮೂರು ಭಾಗಗಳಿವೆ. ಮೊದಲನೆಯದು ಕೀ ಒಳಹೋಗುವ ಬೀಗದ ಸಿಲಿಂಡರ್. ಎರಡನೆಯದು ಸ್ಟೀರಿಂಗ್ ಕಂಬದ ಕಚ್ಚಿನೊಳಗೆ ಹೋಗಿ ಕೂರುವ ಉಕ್ಕಿನ ಅಗುಳಿ. ಮೂರನೆಯದು ಸಿಲಿಂಡರಿನ ಹಿಂಬದಿಯಲ್ಲಿರುವ ವಿದ್ಯುತ್ ಸ್ವಿಚ್. ತೊಂದರೆ ಯಾವ ಭಾಗದಲ್ಲಿದೆ ಎಂಬುದನ್ನು ಮೊದಲು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸಿಲಿಂಡರಿನ ಒಳಗೆ ಒಂದರ ಹಿಂದೊಂದರಂತೆ ಹಲವು ತೆಳುವಾದ ಲೋಹದ ಬಿಲ್ಲೆಗಳಿರುತ್ತವೆ. ಪ್ರತಿಯೊಂದು ಬಿಲ್ಲೆಯ ನಡುವೆ ಕೀ ತೂರುವಷ್ಟು ಕಿಂಡಿ. ಪಕ್ಕದಲ್ಲಿ ಅದನ್ನು ಒತ್ತುವ ಕಿರಿದಾದ ಸ್ಪ್ರಿಂಗು. ಕೀ ಇಲ್ಲದಿರುವಾಗ ಈ ಸ್ಪ್ರಿಂಗುಗಳು ಬಿಲ್ಲೆಗಳನ್ನು ಹೊರಕ್ಕೆ ತಳ್ಳಿ, ಸುತ್ತಲಿನ ಕವಚದ ಕಚ್ಚುಗಳಲ್ಲಿ ಸಿಕ್ಕಿಸಿಡುತ್ತವೆ. ಸರಿಯಾದ ಕೀ ಒಳಹೊಕ್ಕಾಗ ಅದರ ಹಲ್ಲುಗಳು ಪ್ರತಿ ಬಿಲ್ಲೆಯನ್ನೂ ನಿಗದಿತ ಎತ್ತರಕ್ಕೆ ಎಳೆದು ನಿಲ್ಲಿಸುತ್ತವೆ. ಎಲ್ಲ ಬಿಲ್ಲೆಗಳೂ ಸಿಲಿಂಡರಿನ ಮೈಗೆ ಸಮನಾದಾಗ ಮಾತ್ರ ಅದು ತಿರುಗಬಲ್ಲದು. ಒಂದೇ ಒಂದು ಬಿಲ್ಲೆ ಹೊರಚಾಚಿ ನಿಂತರೂ ಇಡೀ ಬೀಗ ಸ್ತಬ್ಧವಾಗುತ್ತದೆ. ಕೀಯ ಒಂದು ಹಲ್ಲಿನ ಆಳಕ್ಕೂ ಮುಂದಿನ ಆಳಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಸವೆತ, ಧೂಳು, ಜಿಡ್ಡು ಇವು ಎಷ್ಟೇ ಅಲ್ಪವಾಗಿದ್ದರೂ ಪರಿಣಾಮ ಬೀರುತ್ತವೆ.

ಕೀ ತಿರುಗದಿರಲು ಕಾರಣಗಳು

ಸ್ಟೀರಿಂಗಿನ ಒತ್ತಡ ಇವುಗಳಲ್ಲಿ ಅತ್ಯಂತ ಸಾಮಾನ್ಯವಾದುದು. ಇದು ದೋಷವೇ ಅಲ್ಲ. ಚಕ್ರವು ಪಾದಚಾರಿ ಮಾರ್ಗದ ಅಂಚುಗಲ್ಲಿಗೆ ಒತ್ತಿಕೊಂಡು ನಿಂತಿದ್ದರೆ, ಅಥವಾ ಚಕ್ರವನ್ನು ಪೂರ್ತಿ ತಿರುಗಿಸಿ ಕಾರು ನಿಲ್ಲಿಸಿದ್ದರೆ, ತಿರುಚಿಕೊಂಡ ಟೈರು ಮೊದಲಿನ ಸ್ಥಿತಿಗೆ ಮರಳಲು ಯತ್ನಿಸುತ್ತ ಸ್ಟೀರಿಂಗ್ ಕಂಬವನ್ನು ಒಂದು ಬದಿಗೆ ದೂಡುತ್ತಿರುತ್ತದೆ. ಆಗ ಕಂಬದ ಕಚ್ಚಿನ ಗೋಡೆಯು ಅಗುಳಿಯನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಕೀಯ ಬಲ ಅದನ್ನು ಹಿಂದಕ್ಕೆಳೆಯಲು ಸಾಲದು. ಕಾರಿನಿಂದ ಇಳಿಯುವಾಗ ಸ್ಟೀರಿಂಗನ್ನು ಹಿಡಿದು ಎದ್ದವರಿಗೂ, ಹಿರಿಯರು ಇಳಿಯುವಾಗ ಅದನ್ನೇ ಆಸರೆಯಾಗಿ ಹಿಡಿದುಕೊಂಡಾಗಲೂ ಇದೇ ಅನುಭವವಾಗುವುದುಂಟು.

ಸ್ವಯಂಚಾಲಿತ ಗೇರಿನ ಕಾರುಗಳಲ್ಲಿ ಗೇರ್ ದಂಡವು ಪಾರ್ಕ್ ಸ್ಥಾನದಲ್ಲಿ ಸರಿಯಾಗಿ ಕೂತಿರದಿದ್ದರೆ ಕೀ ಹಿಂದಕ್ಕೆ ತಿರುಗಿ ಹೊರಬರುವುದಿಲ್ಲ. ವಾಹನ ತಾನಾಗಿ ಉರುಳದಂತೆ ತಡೆಯಲು ಮಾಡಿರುವ ಏರ್ಪಾಡು ಇದು. ಕೆಲವು ಮಾದರಿಗಳಲ್ಲಿ ಈ ತಡೆಯನ್ನು ವಿದ್ಯುತ್ತೇ ಬಿಡಿಸಬೇಕಾಗಿರುವುದರಿಂದ, ಬ್ಯಾಟರಿ ಪೂರ್ತಿ ಇಳಿದಾಗ ಕೀ ಬೀಗದಲ್ಲಿಯೇ ಸೆರೆಯಾಗುತ್ತದೆ. ಹೆಡ್‌ಲೈಟು ರಾತ್ರಿಯಿಡೀ ಉರಿದಿದ್ದ ಕಾರಿನಲ್ಲಿ ಕೀ ಹೊರಬಾರದಿದ್ದರೆ ಬೀಗವನ್ನು ದೂರುವ ಮುನ್ನ ಬ್ಯಾಟರಿಯನ್ನು ನೋಡುವುದು ಯುಕ್ತ.

ಮೂರನೆಯ ಕಾರಣ ಕೀಯ ಸವೆತ. ವರ್ಷಗಟ್ಟಲೆ ದಿನಕ್ಕೆ ಹತ್ತಾರು ಬಾರಿ ತೂರಿ ತೆಗೆದ ಕೀಯ ಹಲ್ಲುಗಳು ಚೂಪನ್ನು ಕಳೆದುಕೊಂಡು ದುಂಡಗಾಗುತ್ತವೆ. ಮನೆಯಲ್ಲಿ ಎತ್ತಿಟ್ಟ ಎರಡನೆಯ ಕೀಯನ್ನು ತಂದು ಪ್ರಯತ್ನಿಸುವುದೇ ಇದಕ್ಕೆ ಪರೀಕ್ಷೆ. ಅದು ಸಲೀಸಾಗಿ ತಿರುಗಿದರೆ ದೋಷ ಕೀಯದು. ಅದೂ ತೊಡಕಿದರೆ ದೋಷ ಬೀಗದ್ದು. ಪೊಟ್ಟಣ ಹರಿಯಲು, ಡಬ್ಬಿಯ ಮುಚ್ಚಳ ಎಬ್ಬಿಸಲು ಕೀಯನ್ನು ಬಳಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಕೀ ಬಾಗಲು ಅದೊಂದೇ ಸಾಕು.

ನಾಲ್ಕನೆಯದು ಬೀಗದೊಳಗಿನ ಕೊಳೆ. ಜೇಬಿನ ನೂಲಿನ ಎಳೆ, ಧೂಳು, ಸವೆದ ಲೋಹದ ಪುಡಿ ಇವೆಲ್ಲ ಕೀಯೊಂದಿಗೆ ಒಳಸೇರುತ್ತವೆ. ಒಳಗೆ ಎಣ್ಣೆಯೂ ಇದ್ದರೆ ಎಲ್ಲವೂ ಕೂಡಿ ಅಂಟಾಗಿ, ಸ್ಪ್ರಿಂಗಿನ ಬಲಕ್ಕೆ ಬಿಲ್ಲೆಗಳು ಅಲುಗದಂತಾಗುತ್ತದೆ. ಬಿಲ್ಲೆ ಅಥವಾ ಸ್ಪ್ರಿಂಗು ಮುರಿದಿರುವುದು ಕೊನೆಯ ಸಾಧ್ಯತೆ. ಅದಕ್ಕೆ ಸಿಲಿಂಡರನ್ನು ಬಿಚ್ಚದೆ ಉಪಾಯವಿಲ್ಲ.

ಕೀ ಸರಾಗವಾಗಿ ತಿರುಗಿ, ಎಂಜಿನ್ ಮಾತ್ರ ಚಾಲೂ ಆಗದಿದ್ದರೆ ಅದು ಈ ಲೇಖನದ ವಿಷಯವಲ್ಲ. ಬ್ಯಾಟರಿ, ವಿದ್ಯುತ್ ಸ್ವಿಚ್, ಸ್ಟಾರ್ಟರ್ ಅಥವಾ ಇಮೊಬಿಲೈಸರ್ ಅದಕ್ಕೆ ಕಾರಣವಿರಬಹುದು. ಇಮೊಬಿಲೈಸರ್ ಎಂದರೆ ಕೀಯ ತಲೆಯೊಳಗೆ ಹುದುಗಿಸಿದ ಚಿಪ್ಪನ್ನು ಗುರುತಿಸಿ, ಪರಿಚಿತವಲ್ಲದ ಕೀಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ.

ಪರಿಹಾರ ಕ್ರಮ

ಮೊದಲು ಸ್ಟೀರಿಂಗಿನ ಒತ್ತಡವನ್ನು ಇಳಿಸಬೇಕು. ಬಂಧಿತವಾದ ಸ್ಟೀರಿಂಗ್ ಚಕ್ರವನ್ನು ಎರಡೂ ಬದಿಗೆ ಮೃದುವಾಗಿ ಒತ್ತಿ ನೋಡಿದರೆ, ಒಂದು ಬದಿಗೆ ಅದು ಕಲ್ಲಿನಂತೆ ಸ್ಥಿರವಾಗಿರುತ್ತದೆ; ಇನ್ನೊಂದು ಬದಿಗೆ ಸ್ಪ್ರಿಂಗಿನಂತೆ ಕೊಂಚ ಮಣಿಯುತ್ತದೆ. ಮಣಿಯುವ ಬದಿಗೆ ಚಕ್ರವನ್ನು ಒಂದು ಕೈಯಿಂದ ಸ್ವಲ್ಪವೇ ಒತ್ತಿಹಿಡಿದು, ಇನ್ನೊಂದು ಕೈಯಿಂದ ಕೀಯನ್ನು ತಿರುಗಿಸಬೇಕು. ಅತಿಯಾಗಿ ಒತ್ತಿದರೆ ಅಗುಳಿಯು ಕಚ್ಚಿನ ಎದುರು ಗೋಡೆಗೆ ತಾಗಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಎಂಜಿನ್ ನಿಂತಿರುವಾಗ ಪವರ್ ಸ್ಟೀರಿಂಗಿನ ನೆರವು ಇರುವುದಿಲ್ಲವಾದ್ದರಿಂದ ಚಕ್ರ ಬಿಗಿಯೆನಿಸುವುದು ಸಹಜ. ಬೀಗ ಕೆಟ್ಟಿತೆಂದು ಗಾಬರಿಯಾಗಿ ಮೆಕ್ಯಾನಿಕ್‌ನನ್ನು ಕರೆಸಿದವರಲ್ಲಿ ಅನೇಕರಿಗೆ ಬೇಕಾಗಿದ್ದುದು ಇಷ್ಟೇ.

ಅದಾದ ಬಳಿಕ ಗೇರನ್ನು ಗಮನಿಸಬೇಕು. ಬ್ರೇಕ್ ಪೆಡಲನ್ನು ಒತ್ತಿ, ಗೇರ್ ದಂಡವನ್ನು ನ್ಯೂಟ್ರಲ್‌ಗೆ ತಂದು, ಮರಳಿ ಪಾರ್ಕ್ ಸ್ಥಾನಕ್ಕೆ ದೃಢವಾಗಿ ತಳ್ಳಬೇಕು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕನ್ನು ಮೊದಲೇ ಎಳೆದಿರಬೇಕೆಂಬುದನ್ನು ಮರೆಯಬಾರದು.

ಇವೆರಡೂ ಫಲಿಸದಿದ್ದರೆ ಕೀಯನ್ನು ಹೊರತೆಗೆದು, ಬಟ್ಟೆಯಿಂದ ಒರೆಸಿ, ಸಮತಟ್ಟಾದ ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟದಿಂದ ನೋಡಬೇಕು. ಬಾಗಿದ್ದರೆ ಮರದ ತುಂಡಿನ ಮೇಲಿರಿಸಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ನೇರಗೊಳಿಸಬಹುದು. ಆದರೆ ಒಮ್ಮೆ ಬಾಗಿ ನೆಟ್ಟಗಾದ ಲೋಹ ಅದೇ ಜಾಗದಲ್ಲಿ ಮುರಿಯುವ ಸಂಭವ ಹೆಚ್ಚು. ಹೊಸ ಕೀ ಮಾಡಿಸುವವರೆಗೆ ಮಾತ್ರ ಅದನ್ನು ಬಳಸುವುದು ಒಳಿತು. ಬಳಿಕ ಕೀಯನ್ನು ತಿರುಗಿಸದೆ ಹತ್ತಾರು ಬಾರಿ ಒಳಗೆ ಹೊರಗೆ ಆಡಿಸಿದರೆ ಜಡಗಟ್ಟಿದ ಬಿಲ್ಲೆಗಳು ಸಡಿಲಗೊಳ್ಳುವುದುಂಟು. ಸ್ಕ್ರೂಡ್ರೈವರಿನ ಹಿಡಿಯಿಂದ ಕೀಯ ತಲೆಯ ಮೇಲೆ ಹಗುರವಾಗಿ ತಟ್ಟುತ್ತ ತಿರುಗಿಸುವ ಪದ್ಧತಿಯೂ ಇದೆ. ಇಲ್ಲಿ ಒತ್ತು ಇರುವುದು 'ಹಗುರವಾಗಿ' ಎಂಬ ಪದದ ಮೇಲೆ. ಇಕ್ಕಳದಿಂದ ಕೀಯನ್ನು ಹಿಡಿದು ತಿರುಚುವುದು ಯಾವ ಸಂದರ್ಭದಲ್ಲಿಯೂ ಸಲ್ಲದು.

ಎಣ್ಣೆಯ ಪ್ರಶ್ನೆ

ಬೀಗ ಬಿಗಿಯಾದೊಡನೆ ಎಣ್ಣೆ ಬಿಡುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಕಬ್ಬಿಣದ ದೊಡ್ಡ ಬೀಗಕ್ಕೆ ಅದು ಒಪ್ಪಬಹುದು, ಕಾರಿನ ಬೀಗಕ್ಕೆ ಒಪ್ಪದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಇಲ್ಲವೇ ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಅದು ಬೀಗದೊಳಗೆ ಮೇಣದಂತೆ ಕೂತಿರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹೆಪ್ಪುಗಟ್ಟದು, ಆದರೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ದಿನ ಸುಖವೆನಿಸಿ ಎರಡು ತಿಂಗಳಿಗೆ ಮೊದಲಿಗಿಂತ ಬಿಗಿಯಾಗುತ್ತದೆ. ಗ್ಯಾರೇಜುಗಳಲ್ಲಿ ಸಿಂಪಡಿಸುವ ಡಬ್ಲ್ಯುಡಿ-40 ದ್ರವವನ್ನು 1953ರಲ್ಲಿ ಅಮೆರಿಕದಲ್ಲಿ ತಯಾರಿಸಿದ್ದು ಲೋಹದ ಮೇಲಿನ ತೇವವನ್ನು ಹೊರದೂಡಲು. ಒಳಗಿನ ಕೊಳೆಯನ್ನು ಕರಗಿಸಲು ಅದು ಉಪಯುಕ್ತವಾದರೂ ಬಾಳಿಕೆಯ ಕೀಲೆಣ್ಣೆಯೆಂದು ಅದನ್ನು ನೆಚ್ಚಲಾಗದು.

ಬೀಗಗಳಿಗೆ ತಕ್ಕುದು ಒಣ ಜಾರುಪದಾರ್ಥ: ಗ್ರಾಫೈಟ್ ಪುಡಿ ಅಥವಾ ಟೆಫ್ಲಾನ್ ಬೆರೆತ, ಬೇಗ ಆರುವ ಸಿಂಪಡಿಕೆ. ಗ್ರಾಫೈಟನ್ನು ಚಿಟಿಕೆಯಷ್ಟು ಮಾತ್ರ ಬಳಸಬೇಕು. ಅದು ವಿದ್ಯುದ್ವಾಹಕವಾದ್ದರಿಂದ ಹೆಚ್ಚಾಗಿ ತುಂಬಿದರೆ ಹಿಂಬದಿಯ ಸ್ವಿಚ್ಚಿಗೆ ಹಾನಿಯಾದೀತು. ಈಗಾಗಲೇ ಎಣ್ಣೆ ಬಿಟ್ಟಿರುವ ಬೀಗಕ್ಕೆ ಗ್ರಾಫೈಟ್ ಹಾಕಿದರೆ ಎರಡೂ ಸೇರಿ ಕಪ್ಪು ಕೆಸರಾಗುತ್ತದೆ. ಪುಡಿ ದೊರೆಯದಿದ್ದರೆ ಮೆತ್ತನೆಯ ಪೆನ್ಸಿಲನ್ನು ಕೀಯ ಹಲ್ಲುಗಳ ಮೇಲೆ ಚೆನ್ನಾಗಿ ಉಜ್ಜಿ, ಬೀಗದಲ್ಲಿ ಆಡಿಸಿ, ಕೀಯನ್ನು ಒರೆಸಿ ಮತ್ತೆ ಮಾಡಬಹುದು. ಕನ್ನಡದಲ್ಲಿ ನಾವು ಸೀಸದ ಕಡ್ಡಿ ಎಂದು ಕರೆಯುತ್ತ ಬಂದ ಪೆನ್ಸಿಲಿನಲ್ಲಿ ಸೀಸವಿಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಜೇಡಿಯ ಅಂಶ ಕಡಿಮೆಯಿರುವ ಮೆತ್ತನೆಯ ಕಡ್ಡಿಯನ್ನು ಆರಿಸಬೇಕಾದುದು ಈ ಕಾರಣಕ್ಕೆ.

ಹೊಸ ಕೀ ಮತ್ತು ಸಿಲಿಂಡರ್ ಬದಲಾವಣೆ

ಸವೆದ ಕೀಯನ್ನೇ ಮಾದರಿಯಾಗಿಟ್ಟು ಮಾಡಿಸಿದ ನಕಲು, ಅದರ ಸವೆತವನ್ನೂ ನಕಲು ಮಾಡುತ್ತದೆ. ಕಾರು ಕೊಂಡಾಗ ಕೀಗಳೊಂದಿಗೆ ದೊರೆಯುವ ಚಿಕ್ಕ ಬಿಲ್ಲೆಯ ಮೇಲಿನ ಸಂಕೇತ ಸಂಖ್ಯೆಯಿಂದ ಮೂಲ ಅಳತೆಯ ಕೀಯನ್ನು ಕತ್ತರಿಸಲು ಸಾಧ್ಯ. ಈ ಬಿಲ್ಲೆಯನ್ನು ಕಾರಿನೊಳಗೆ ಇಡದೆ ಮನೆಯ ಕಾಗದಪತ್ರಗಳೊಂದಿಗೆ ಇರಿಸಬೇಕು. ಚಿಪ್ ಇರುವ ಕೀಯಾದರೆ, ಕತ್ತರಿಸಿದ ಮೇಲೆ ಕಾರಿನ ಗಣಕಕ್ಕೆ ಅದನ್ನು ಪರಿಚಯಿಸಬೇಕಾಗುತ್ತದೆ. ಭಾರತದಲ್ಲಿ ಕಾರು ಕಳವಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಗಳನ್ನು ಒಪ್ಪಿಸುವಂತೆ ಕೇಳುತ್ತವೆ. ಆದ್ದರಿಂದ ಸವೆದ ಕೀಯೆಂದು ಮೂಲ ಕೀಯನ್ನು ಎಸೆಯಬಾರದು.

ಸಿಲಿಂಡರನ್ನು ಬದಲಿಸುವಾಗ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿ ಕೆಲವು ನಿಮಿಷ ಕಾಯುತ್ತಾರೆ. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇರುವುದರಿಂದ ಇದು ಕಡ್ಡಾಯವೆಂದೇ ತಿಳಿಯಬೇಕು. ಅನೇಕ ಕಾರುಗಳಲ್ಲಿ ಕೀಯನ್ನು ಒಂದು ಸ್ಥಾನ ಮುಂದಕ್ಕೆ ತಿರುಗಿಸಿ, ಕವಚದ ಸಣ್ಣ ರಂಧ್ರದ ಮೂಲಕ ತೆಳುಕಡ್ಡಿಯಿಂದ ಒಳಗಿನ ಹಿಡಿಗುಂಡಿಯನ್ನು ಒತ್ತಿದರೆ ಸಿಲಿಂಡರ್ ಹೊರಜಾರುತ್ತದೆ. ಅಂದರೆ ಕೀ ಇನ್ನೂ ಕಷ್ಟಪಟ್ಟಾದರೂ ತಿರುಗುತ್ತಿರುವಾಗಲೇ ಈ ಕೆಲಸ ಸುಲಭ. ಅದು ಪೂರ್ತಿ ನಿಂತುಹೋದ ಮೇಲೆ ಬೀಗವನ್ನು ಕೊರೆದು ತೆಗೆಯಬೇಕಾದೀತು. ಇಡೀ ಕವಚವನ್ನು ಕಂಬಕ್ಕೆ ಬಿಗಿದಿರುವ ಬೋಲ್ಟುಗಳ ತಲೆಯನ್ನು ಕಳ್ಳರಿಗೆ ಬಿಚ್ಚಲು ಬಾರದಂತೆ ಕಾರ್ಖಾನೆಯಲ್ಲೇ ಮುರಿದಿರುತ್ತಾರೆ. ಅದು ಗ್ಯಾರೇಜಿನ ಕೆಲಸ. ಮುರಿದ ಕೀಯ ತುಂಡು ಒಳಗುಳಿದರೆ ಗಟ್ಟಿ ಅಂಟು ಹಚ್ಚಿದ ಕಡ್ಡಿಯಿಂದ ಎಳೆಯುವ ಸಾಹಸ ಬೇಡ. ಅಂಟು ಬಿಲ್ಲೆಗಳಿಗೆ ತಾಗಿದರೆ ಬೀಗವೇ ಹೋಗುತ್ತದೆ.

ಸುರಕ್ಷತೆ

ಬಿಗಿಯಾದ ಬೀಗಕ್ಕಿಂತ ಅಪಾಯಕಾರಿಯಾದುದು ಸಡಿಲವಾದ ಬೀಗ. 2014ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಷೆವರ್ಲೆ ಕೋಬಾಲ್ಟ್ ಮೊದಲಾದ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಹಿಂದಕ್ಕೆ ಕರೆಯಿತು. ಸ್ವಿಚ್ಚಿನ ಬಿಗಿತ ಸಾಲದೆ, ಕೀಗೊಂಚಲಿನ ಭಾರಕ್ಕೆ ಅಥವಾ ರಸ್ತೆಯ ಕುಲುಕಿಗೆ ಕೀ ತಾನಾಗಿ ಹಿಂದೆ ಸರಿಯುತ್ತಿತ್ತು. ಓಡುತ್ತಿರುವ ಕಾರಿನ ಎಂಜಿನ್ ನಿಂತು, ಪವರ್ ಸ್ಟೀರಿಂಗ್ ಇಲ್ಲವಾಗಿ, ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳುತ್ತಿರಲಿಲ್ಲ. ಸಂಸ್ಥೆಯ ಪರಿಹಾರ ನಿಧಿಯು 124 ಸಾವುಗಳನ್ನು ಈ ದೋಷದೊಂದಿಗೆ ಜೋಡಿಸಿ ಪರಿಹಾರಕ್ಕೆ ಅರ್ಹವೆಂದು ಒಪ್ಪಿತು. ಕೀಯೊಂದಿಗೆ ಮನೆ, ಬೀರು, ಗೇಟುಗಳ ಕೀಗಳನ್ನೂ ದೇವರ ಪದಕವನ್ನೂ ತೂಗುಹಾಕುವ ನಮ್ಮ ಅಭ್ಯಾಸವನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕು. ತೂಗುವ ಗೊಂಚಲು ಸಿಲಿಂಡರಿನ ಸವೆತವನ್ನೂ ಹೆಚ್ಚಿಸುತ್ತದೆ.

ಇಂಧನ ಉಳಿಸಲೆಂದು ಘಾಟಿಯ ಇಳಿಜಾರಿನಲ್ಲಿ ಕೀ ತಿರುಗಿಸಿ ಎಂಜಿನ್ ನಿಲ್ಲಿಸುವುದು ಇದೇ ಅಪಾಯವನ್ನು ಕೈಯಾರೆ ತಂದುಕೊಂಡಂತೆ. ಬ್ರೇಕಿನ ನಿರ್ವಾತ ನೆರವು ಕೆಲವೇ ಸಲದ ಒತ್ತುವಿಕೆಗೆ ಸಾಲುತ್ತದೆ. ಆ ಸ್ಥಿತಿಯಲ್ಲಿ ಕೀಯನ್ನು ಎಳೆದುಬಿಟ್ಟರೆ ಸ್ಟೀರಿಂಗ್ ಬಂಧಿತವಾಗುತ್ತದೆ.

ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳು

ಗುಂಡಿಯ ವ್ಯವಸ್ಥೆಯಿರುವ ಕಾರುಗಳಲ್ಲಿ ಸಿಲಿಂಡರ್ ಇಲ್ಲದಿದ್ದರೂ ಅನೇಕ ಮಾದರಿಗಳಲ್ಲಿ ಸ್ಟೀರಿಂಗಿನ ಅಗುಳಿ ಹಾಗೆಯೇ ಉಳಿದಿದೆ. ಅದನ್ನು ಚಿಕ್ಕ ಮೋಟಾರು ಸರಿಸುತ್ತದೆ. ಟೈರಿನ ಒತ್ತಡದಿಂದ ಅಗುಳಿ ಸಿಕ್ಕಿಕೊಂಡರೆ ಗುಂಡಿಯ ದೀಪ ಮಿನುಗುತ್ತದೆ ಅಥವಾ ಪರದೆಯಲ್ಲಿ ಸೂಚನೆ ಬರುತ್ತದೆ, ಎಂಜಿನ್ ಚಾಲೂ ಆಗುವುದಿಲ್ಲ. ಬ್ರೇಕ್ ಒತ್ತಿ, ಸ್ಟೀರಿಂಗನ್ನು ಎಡಬಲಕ್ಕೆ ಮೆಲ್ಲನೆ ಅಲುಗಿಸುತ್ತ ಗುಂಡಿಯನ್ನು ಒತ್ತಿದರೆ ಅದು ಬಿಡಿಸಿಕೊಳ್ಳುತ್ತದೆ.