ಕಾರಿನ ಆಂಟೆನಾ ಹೊರಗೆ ಬಂದ ಕಥೆ

ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ರೇಡಿಯೊಗಿಂತ ಮೊದಲು ಆಂಟೆನಾ ಮುರಿಯುತ್ತದೆ. ಹೊಸ ಕಡ್ಡಿ ಹಾಕಿದರೂ ಎಷ್ಟೋ ಸಲ ಗರಗರ ಸದ್ದು ಹೋಗುವುದಿಲ್ಲ. ‘ರೇಡಿಯೊನೇ ಹೋಗಿದೆ, ಬಿಚ್ಚಿ ಬಿಸಾಕಿ’ ಅನ್ನುವವರೇ ಹೆಚ್ಚು. ಬಿಸಾಕುವ ಮುಂಚೆ ಈ ಕಡ್ಡಿಯ ಇತಿಹಾಸ ನೋಡಿ. ರಿಪೇರಿಯ ದಾರಿಯೂ ಅಲ್ಲೇ ಸಿಗುತ್ತದೆ.

1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ತಮ್ಮ ಕಾರಿಗೆ ರೇಡಿಯೊ ಕೂರಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ್ದ ರೇಡಿಯೊ ತಯಾರಕರಿಗೆ ತೋರಿಸಿದರು. ಅದಕ್ಕೆ ಇಟ್ಟ ಹೆಸರು ಮೊಟೊರೊಲಾ. ಆಗ ಎಷ್ಟೋ ಕಾರುಗಳ ಛಾವಣಿಯ ನಡುಭಾಗ ಬಟ್ಟೆಯದಾಗಿತ್ತು. ಅದರೊಳಗೆ ತಂತಿ ಬಲೆ ಹಾಸಿದರೆ ಅದೇ ಆಂಟೆನಾ. ಹೊರಗೆ ಏನೂ ಕಾಣುತ್ತಿರಲಿಲ್ಲ.

1935ರ ಮಾದರಿಗಳಿಗೆ ಜನರಲ್ ಮೋಟರ್ಸ್ ಪೂರ್ತಿ ಉಕ್ಕಿನ ಛಾವಣಿ ತಂದಿತು. ಉಳಿದವರೂ ಹಾಗೇ ಮಾಡಿದರು. ಉಕ್ಕಿನ ಡಬ್ಬಿಯೊಳಗೆ ರೇಡಿಯೊ ಅಲೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಆಂಟೆನಾ ಹೊರಗೆ ಬರಲೇಬೇಕಾಯಿತು. ಕೆಲವರು ಫುಟ್‌ಬೋರ್ಡಿನ ಕೆಳಗೆ ಕಟ್ಟಿದರು. ಕೊನೆಗೆ ನಿಂತದ್ದು ಮಡ್‌ಗಾರ್ಡ್ ಮೇಲಿನ ಕಡ್ಡಿ. ನಮ್ಮಲ್ಲೂ ಅದೇ ವರ್ಷ, 1935ರ ಸೆಪ್ಟೆಂಬರ್‌ನಲ್ಲಿ, ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದರು.

ಛಾವಣಿಯ ಬಲೆಯ ಜಾಗಕ್ಕೆ ಬಂದ ಈ ಕಡ್ಡಿ ತುಂಬ ಚಿಕ್ಕದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಅಲೆಯ ಉದ್ದ ಸುಮಾರು 490 ಮೀಟರ್. ಕಡ್ಡಿ ಒಂದು ಮೀಟರ್ ಇದ್ದರೆ ಹೆಚ್ಚು. ಕಡ್ಡಿ ಅರ್ಧ ಆಂಟೆನಾ ಮಾತ್ರ, ಇನ್ನರ್ಧ ಕಾರಿನ ತಗಡೇ. ಎರಡರ ನಡುವೆ ತುಕ್ಕೋ ಪೇಂಟೋ ಅಡ್ಡ ಬಂದರೆ ಹೊಸ ಕಡ್ಡಿಯೂ ದಂಡ.

ಆದ್ದರಿಂದ ಬದಲಿಸುವಾಗ ತೂತಿನ ಸುತ್ತ, ತಗಡಿನ ಒಳಬದಿಯನ್ನು ಸ್ಯಾಂಡ್ ಪೇಪರಿನಿಂದ ಹೊಳೆಯುವಂತೆ ಉಜ್ಜಿಸಿ. ಮೇಲೆ ರಬ್ಬರ್ ವಾಷರ್ ಸರಿಯಾಗಿ ಕೂರಲಿ, ನೀರು ಇಳಿಯಬಾರದು. ಮೀಟರ್ ಹಿಡಿದು ನೋಡಿ: ಕೇಬಲ್ಲಿನ ಹೊರಜಾಲಕ್ಕೂ ಬಾಡಿಗೂ ಸಂಪರ್ಕ ಇರಬೇಕು, ನಡುವಿನ ತಂತಿಗೂ ಬಾಡಿಗೂ ಇರಬಾರದು. ಹಳೆಯ ರೇಡಿಯೊಗಳಲ್ಲಿ ಆಂಟೆನಾ ಸರಿಹೊಂದಿಸುವ ಸಣ್ಣ ಸ್ಕ್ರೂ ಇರುತ್ತದೆ. ಕಡ್ಡಿ ಪೂರ್ತಿ ಎಳೆದು, ಕ್ಷೀಣವಾಗಿ ಕೇಳುವ ಸ್ಟೇಷನ್ ಹಿಡಿದು, ದನಿ ಜೋರಾಗುವ ತನಕ ಅದನ್ನು ನಿಧಾನ ತಿರುಗಿಸಿ.

ಮೈಸೂರಿನ 100.6 ಎಫ್‌ಎಂ ಅಲೆ ಸುಮಾರು 3 ಮೀಟರ್. ಅದಕ್ಕೆ 75 ಸೆಂಟಿಮೀಟರ್ ಕಡ್ಡಿ ಸಾಕು.

ಇಷ್ಟು ನೋಡದೆ ರೇಡಿಯೊ ಬಿಚ್ಚಬೇಡಿ. ನೆಟ್‌ವರ್ಕ್ ಸಿಗದ ದಾರಿಯಲ್ಲಿ ಡೇಟಾ ಖರ್ಚಿಲ್ಲದೆ ಸುದ್ದಿ ಹೇಳುವ ಪೆಟ್ಟಿಗೆ ಅದು.